ವೆಬ್‌ಸೈಟ್ ಒಪ್ಪಿಸಿದ ಮೇಲೆ ಮಾಡುವ ಕೆಲಸಕ್ಕೆ ದುಡ್ಡು ಯಾರು ಕೊಡುತ್ತಾರೆ?

ಪ್ರಶ್ನೆ: ನಾನು ಮತ್ತು ನನ್ನ ಎಂಜಿನಿಯರಿಂಗ್ ಸಹಪಾಠಿ ಮೂರು ವರ್ಷದ ಹಿಂದೆ ತುಮಕೂರಿನ ಎಸ್.ಎಸ್. ಪುರಂನಲ್ಲಿ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಸಂಸ್ಥೆ ತೆರೆದೆವು. ಈಗ ಇಬ್ಬರು ನೌಕರರಿದ್ದಾರೆ. ಶಾಲೆ, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್, ಅಕ್ಕಿ ಗಿರಣಿಗಳೇ ನಮ್ಮ ಗ್ರಾಹಕರು. ಒಂದು ವೆಬ್‌ಸೈಟಿಗೆ 18,000 ರೂಪಾಯಿ ತೆಗೆದುಕೊಳ್ಳುತ್ತೇವೆ. ತಿಂಗಳಿಗೆ ಮೂರು–ನಾಲ್ಕು ಕೆಲಸ ಸಿಗುತ್ತದೆ. ಈವರೆಗೆ ನೂರಕ್ಕೂ ಹೆಚ್ಚು ಮಾಡಿದ್ದೇವೆ. ಬಾಡಿಗೆ, ಸಂಬಳ, ಕರೆಂಟು, ಇಂಟರ್‌ನೆಟ್ ಸೇರಿ ತಿಂಗಳ ಖರ್ಚು 47,000 ರೂಪಾಯಿ. ರಾತ್ರಿ ಹತ್ತರವರೆಗೆ ಕುಳಿತರೂ ನಮ್ಮಿಬ್ಬರ ಪಾಲಿಗೆ ಒಟ್ಟು ಹತ್ತು ಸಾವಿರ ಉಳಿಯುವುದೂ ಕಷ್ಟ. ಕೊನೆಯ ಕಂತಿನ 6,000 ಅನೇಕರು ಕೊಡುವುದೇ ಇಲ್ಲ. ‘ಒಂದು ಸಣ್ಣ ಬದಲಾವಣೆ’ ಎಂದು ವಾಟ್ಸ್‌ಆ್ಯಪ್ ಸಂದೇಶ ಮಾತ್ರ ತಪ್ಪದೆ ಬರುತ್ತದೆ. ಒಂದು ನರ್ಸಿಂಗ್ ಹೋಮ್‌ನವರು ಬಾಕಿ ಉಳಿಸಿಕೊಂಡೇ ಡೊಮೇನ್ (ವೆಬ್‌ಸೈಟಿನ ವಿಳಾಸ) ಮತ್ತು ಸೋರ್ಸ್ ಕೋಡ್ (ಸೈಟಿಗಾಗಿ ಬರೆದ ಪ್ರೋಗ್ರಾಂ) ಕೊಡಿ, ಬೇರೆಯವರಿಗೆ ಕೆಲಸ ಒಪ್ಪಿಸುತ್ತೇವೆ, ಇಲ್ಲದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇವೆ ಎನ್ನುತ್ತಿದ್ದಾರೆ. ಡೊಮೇನ್ ನಮ್ಮ ಖಾತೆಯಲ್ಲಿದೆ. ಸೈಟನ್ನೇ ಬಂದ್ ಮಾಡೋಣ ಎಂಬುದು ಗೆಳೆಯನ ವಾದ. ಹಿಂದೂಪುರದಿಂದ ಒಂದು ಕೆಲಸ ಬಂದಿದೆ, ಹೊರರಾಜ್ಯವಾದ್ದರಿಂದ ಜಿಎಸ್‌ಟಿ ನೋಂದಣಿ ಕಡ್ಡಾಯ ಎನ್ನುತ್ತಾರೆ, ನಿಜವೇ? ಬೆಂಗಳೂರಿಗೆ ಹೋದರೆ ಒಳ್ಳೆಯದೇ? ಎಐ ಬಂದ ಮೇಲೆ ಈ ಕಸುಬು ಉಳಿಯುತ್ತದೆಯೇ? ನಾವಿಬ್ಬರೂ ಯಾವ ಕಾಗದವನ್ನೂ ಮಾಡಿಕೊಂಡಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಬೆಂಗಳೂರು, ಎಐ, ಜಿಎಸ್‌ಟಿ ನಿಮ್ಮನ್ನು ಹೆಚ್ಚು ಕಾಡುತ್ತಿರುವಂತೆ ಕಾಣುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ನೀವು ಹಾಗೇ ಹೇಳಿ ಮುಂದೆ ಹೋದ ಸಾಲು: ‘ಒಂದು ಸಣ್ಣ ಬದಲಾವಣೆ.’ ಅಲ್ಲಿಂದಲೇ ಶುರು ಮಾಡುತ್ತೇನೆ. ಇಂಥ ಸಣ್ಣ ಸಂಸ್ಥೆಗಳ ಲೆಕ್ಕದ ಪುಸ್ತಕ ತೆರೆದಾಗ ಸೋರಿಕೆ ನನಗೆ ಹೆಚ್ಚಾಗಿ ಸಿಕ್ಕಿರುವುದು ಆ ಜಾಗದಲ್ಲೇ.

ನಿಮ್ಮ ಖರ್ಚು 47,000 ಎಂದು ಬರೆದಿದ್ದೀರಿ. ಅದರಲ್ಲಿ ನಿಮ್ಮಿಬ್ಬರ ಸಂಬಳ ಇಲ್ಲ. ಉಳಿದದ್ದು ನಮ್ಮದು ಎಂಬುದು ಅಂಗಡಿಯ ಲೆಕ್ಕ. ಸೇವೆ ಮಾರುವವರಿಗೆ ಅದು ಸರಿಹೊಂದುವುದಿಲ್ಲ, ಏಕೆಂದರೆ ನೀವು ಮಾರುತ್ತಿರುವ ಸರಕೇ ನಿಮ್ಮ ಸಮಯ. ತಲೆಗೆ 25,000 ಎಂದು ಹಿಡಿಯಿರಿ, ಎಂಜಿನಿಯರಿಂಗ್ ಓದಿದವರಿಗೆ ಅದು ದೊಡ್ಡ ಮೊತ್ತವೇನಲ್ಲ. ಆಗ ತಿಂಗಳ ನಿಜವಾದ ವೆಚ್ಚ 97,000 ಆಗುತ್ತದೆ. ನಾಲ್ಕು ಜನ ದಿನಕ್ಕೆ ಎಂಟು ಗಂಟೆಯಂತೆ 24 ದಿನ ದುಡಿದರೆ 768 ಗಂಟೆ. ಅದರಲ್ಲಿ ಅರ್ಧ ಭಾಗ ಗ್ರಾಹಕರನ್ನು ನೋಡಲು ಓಡಾಡುವುದು, ಫೋನು, ಕೊಟೇಶನ್, ಕಲಿಕೆ, ಕರೆಂಟು ಹೋದ ಹೊತ್ತು ಇವುಗಳಿಗೇ ಹೋಗುತ್ತದೆ. ಬಿಲ್ ಮಾಡಲು ಬರುವುದು ಸುಮಾರು 384 ಗಂಟೆ. ಭಾಗಿಸಿ ನೋಡಿ: ನಿಮ್ಮ ಒಂದು ಗಂಟೆಯ ಅಸಲು ಹೆಚ್ಚುಕಡಿಮೆ 250 ರೂಪಾಯಿ. ಇದರಲ್ಲಿ ಲಾಭ ಇನ್ನೂ ಸೇರಿಲ್ಲ.

18,000ದ ಕೆಲಸಕ್ಕೆ ಈ ದರದಲ್ಲಿ 72 ಗಂಟೆ ಸಿಗುತ್ತದೆ. ನೀವು ಮಾಡುವಂಥ ವೆಬ್‌ಸೈಟಿಗೆ 50 ಗಂಟೆ ಸಾಕೆಂದುಕೊಳ್ಳೋಣ. ಅಲ್ಲಿಗೆ ನಿಂತಿದ್ದರೆ ನೀವು ಗೆದ್ದಂತೆಯೇ. ಆದರೆ ಒಪ್ಪಿಸಿದ ಮೊದಲ ವರ್ಷದಲ್ಲಿ ಬ್ಯಾನರ್ ಬದಲಿಸಿ, ಹೊಸ ಶಿಕ್ಷಕರ ಫೋಟೊ ಹಾಕಿ, ಮೊಬೈಲ್‌ನಲ್ಲಿ ಯಾಕೋ ಸರಿ ಕಾಣುತ್ತಿಲ್ಲ ಎಂದು ಇನ್ನೊಂದು 30 ಗಂಟೆ ಹೋಗುತ್ತದೆ. ಒಟ್ಟು 80 ಗಂಟೆ, ಎಂದರೆ 20,000 ರೂಪಾಯಿ ಅಸಲು. ಕೊನೆಯ 6,000 ಬರದಿದ್ದರೆ ಕೈಗೆ ಸಿಕ್ಕಿದ್ದು 12,000. ಎಂಟು ಸಾವಿರ ರೂಪಾಯಿಯನ್ನು ನೀವೇ ಕೈಯಿಂದ ಕೊಟ್ಟು ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೀರಿ.

ಹಳೆಯ ಗ್ರಾಹಕರ ಲೆಕ್ಕ ಇದಕ್ಕಿಂತ ಕಹಿ. ನೂರು ಜನ ತಿಂಗಳಿಗೆ ತಲಾ ಒಂದೇ ಗಂಟೆ ತೆಗೆದುಕೊಂಡರೂ ನೂರು ಗಂಟೆ. 25,000 ರೂಪಾಯಿ. ನಿಮ್ಮಿಬ್ಬರಲ್ಲಿ ಒಬ್ಬರ ಪೂರ್ತಿ ಸಂಬಳ ಅಲ್ಲಿ ಕರಗುತ್ತಿದೆ. ಹೊಸ ಕೆಲಸ ಹಿಡಿದಷ್ಟೂ ಹಳೆಯ ಗ್ರಾಹಕರ ಸಂಖ್ಯೆ ಬೆಳೆಯುತ್ತದೆ. ಬೆಳೆದಷ್ಟೂ ಪುಕ್ಕಟೆ ಗಂಟೆಗಳು ಹೆಚ್ಚುತ್ತವೆ. ಕೆಲಸಕ್ಕೆ ಬರವಿಲ್ಲದ ಸಂಸ್ಥೆಯೊಂದು ಬಡವಾಗುವುದು ಹೀಗೆ. ನನ್ನ ಅಂಕಿಗಳನ್ನು ನಂಬಬೇಡಿ. ಮುಂದಿನ ಒಂದು ತಿಂಗಳು ನಾಲ್ವರೂ ಯಾವ ಗ್ರಾಹಕರಿಗೆ ಎಷ್ಟು ಹೊತ್ತು ಹೋಯಿತೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಗೂಗಲ್ ಶೀಟ್ ಆದರೂ ಸರಿ.

ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್ ಕೊರೆದವರನ್ನು ಮೋಟರ್ ಸುಟ್ಟಾಗಲೆಲ್ಲ ಪುಕ್ಕಟೆ ಬನ್ನಿ ಎಂದು ಯಾರೂ ಕರೆಯುವುದಿಲ್ಲ. ಕೊರೆಯುವುದೇ ಬೇರೆ ಕೆಲಸ, ಮೋಟರ್ ನೋಡಿಕೊಳ್ಳುವುದೇ ಬೇರೆ ಕೆಲಸ ಎಂಬುದು ರೈತರಿಗೆ ಗೊತ್ತಿದೆ. ವೆಬ್‌ಸೈಟಿನ ವಿಷಯದಲ್ಲಿ ಅದು ಗೊತ್ತಿಲ್ಲದಿದ್ದರೆ ಗ್ರಾಹಕರನ್ನು ದೂರಿ ಫಲವಿಲ್ಲ. ನಿಮ್ಮ ಕೊಟೇಶನ್ನಿನಲ್ಲಿ ಬಹುಶಃ ಒಂದೇ ಮೊತ್ತ, ಒಂದೇ ಸಾಲು ಇದ್ದಿರಬೇಕು. ‘ವೆಬ್‌ಸೈಟ್ ವಿನ್ಯಾಸ: 18,000.’ ಅದನ್ನು ಓದಿದವರಿಗೆ ಇದು ಆಜೀವ ಸೇವೆ ಎನಿಸಿದರೆ ಆಶ್ಚರ್ಯವಿಲ್ಲ.

ಹಾಗಾದರೆ ದರ ಏರಿಸಬೇಕೇ? ಸ್ವಲ್ಪ ಏರಿಸಿ, ಆದರೆ ಅದರಿಂದಲೇ ಎಲ್ಲ ಸರಿಹೋಗುವುದಿಲ್ಲ. ನಿರ್ವಹಣೆಯನ್ನು ಬೇರೆ ಮಾಡಿ ಮಾರಿ. ವರ್ಷಕ್ಕೆ ಇಷ್ಟು ಎಂದು ಒಂದು ಶುಲ್ಕ ಇರಲಿ. ಅದರಲ್ಲಿ ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ), ಬ್ಯಾಕಪ್, ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಮತ್ತು ಅದಕ್ಕೆ ಜೋಡಿಸುವ ಪ್ಲಗಿನ್‌ಗಳ ಅಪ್‌ಡೇಟ್, ತಿಂಗಳಿಗೆ ಅರ್ಧ ಗಂಟೆಯ ಬದಲಾವಣೆ ಸೇರಿರಲಿ. ಅದಕ್ಕೂ ಮೀರಿದ್ದಕ್ಕೆ ಗಂಟೆಗೆ 400 ಎಂದು ಮೊದಲೇ ತಿಳಿಸಿ. 6,000 ರೂಪಾಯಿ ವಾರ್ಷಿಕ ಶುಲ್ಕಕ್ಕೆ ನೂರರಲ್ಲಿ ನಲವತ್ತು ಜನ ಒಪ್ಪಿದರೆ ವರ್ಷಕ್ಕೆ 2,40,000. ತಿಂಗಳಿಗೆ 20,000 ಬಂತು. ಒಪ್ಪದ ಅರವತ್ತು ಜನರ ಫೋನು ನಿಂತರೆ ಅದೂ ಒಂದು ಸಂಪಾದನೆ. ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ನಿಮ್ಮ ಸಮಯವನ್ನು ಅತಿ ಹೆಚ್ಚು ತಿನ್ನುತ್ತಿದ್ದವರೇ ಆಗಿರುವುದನ್ನು ಮುಂದೆ ನೀವೇ ನೋಡುತ್ತೀರಿ.

ಇದರಲ್ಲಿ ಅಪಾಯವೂ ಇದೆ. ಶುಲ್ಕ ಪಡೆದ ಮೇಲೆ ಅದು ಉಪಕಾರವಾಗಿ ಉಳಿಯುವುದಿಲ್ಲ, ಹೊಣೆಯಾಗುತ್ತದೆ. ಬ್ಯಾಕಪ್ ಎಂದು ಬಿಲ್ಲಿನಲ್ಲಿ ಬರೆದು, ಸೈಟ್ ಹ್ಯಾಕ್ ಆದ ದಿನ ನಿಮ್ಮ ಬಳಿ ಆರು ತಿಂಗಳ ಹಳೆಯ ಪ್ರತಿ ಮಾತ್ರ ಇದ್ದರೆ ಗ್ರಾಹಕರು ನಷ್ಟ ಕೇಳುವುದು ನ್ಯಾಯವೇ. ಸರ್ವರ್ ಇರುವ ಜಾಗದಲ್ಲೇ ಬ್ಯಾಕಪ್ ಇಟ್ಟರೆ ಅದು ಬ್ಯಾಕಪ್ ಅಲ್ಲ. ಬೇರೆ ಕಡೆ ಇಡಿ, ಆಗಾಗ ಒಂದನ್ನು ತೆರೆದು ಮರಳಿ ಸ್ಥಾಪಿಸಿ ನೋಡಿ. ಹಣ ಉಳಿಸಲು ಕದ್ದ ಥೀಮ್ (ಸಿದ್ಧ ವಿನ್ಯಾಸ), ಬೀಗ ಒಡೆದ ಪ್ಲಗಿನ್ ಹಾಕುವ ಚಾಳಿ ನಮ್ಮ ಊರುಗಳಲ್ಲಿ ವಿಪರೀತವಾಗಿದೆ. ಅವು ಅಪ್‌ಡೇಟ್ ಆಗುವುದಿಲ್ಲ, ಎಷ್ಟೋ ಸಲ ಒಳಗೆ ಮಾಲ್‌ವೇರ್ ಇಟ್ಟುಕೊಂಡೇ ಬಂದಿರುತ್ತವೆ. ನಿರ್ವಹಣೆಯ ಹೊಣೆ ಹೊರುವ ಮುನ್ನ ಹಳೆಯ ಸೈಟ್‌ಗಳಲ್ಲಿ ಅಂಥವು ಇದ್ದರೆ ಕಿತ್ತುಹಾಕಿ. ಹೊಣೆಯ ಮಿತಿ ಎಷ್ಟು, ಅಂದರೆ ಹೆಚ್ಚೆಂದರೆ ಆ ವರ್ಷ ಪಡೆದ ಶುಲ್ಕದಷ್ಟು ಎಂಬ ಸಾಲೂ ಒಪ್ಪಂದದಲ್ಲಿ ಇರಲಿ.

ಯಾರಿಗೆ ನಿರ್ವಹಣೆ ನಿಜಕ್ಕೂ ಬೇಕು ಎಂದು ಯೋಚಿಸಿ ಮಾರಿ. ಸಿಬಿಎಸ್‌ಇ ಶಾಲೆಗಳು ತಮ್ಮ ವೆಬ್‌ಸೈಟಿನಲ್ಲಿ ಕಡ್ಡಾಯವಾಗಿ ಪ್ರಕಟಿಸಬೇಕಾದ ಮಾಹಿತಿ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆ ಪಡೆದ ಕಾಲೇಜುಗಳು ಪ್ರತಿವರ್ಷ ವರದಿ, ದಾಖಲೆಗಳನ್ನು ಏರಿಸಬೇಕು. ಅವರಿಗೆ ಸೈಟ್ ಹಳೆಯದಾದರೆ ತೊಂದರೆಯಿದೆ, ಆದ್ದರಿಂದ ದುಡ್ಡು ಕೊಡಲು ಕಾರಣವೂ ಇದೆ. ತಿಪಟೂರಿನ ಕೊಬ್ಬರಿ ವರ್ತಕರಿಗೆ? ಅವರ ಮಾಲು ಎಪಿಎಂಸಿ ಹರಾಜಿನಲ್ಲಿ, ಗೊತ್ತಿರುವ ಖರೀದಿದಾರರಿಗೆ ಹೋಗುತ್ತದೆ. ಅಂಥವರಿಗೆ ಗೂಗಲ್ ನಕ್ಷೆಯಲ್ಲಿ ಅಂಗಡಿಯ ವಿವರ ಸರಿಮಾಡಿ, ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆ ತೆರೆದುಕೊಟ್ಟು ಸಣ್ಣ ಮೊತ್ತ ಪಡೆಯುವುದು ಮರ್ಯಾದೆ. ಬೇಡದವರಿಗೆ ವೆಬ್‌ಸೈಟ್ ಮಾರಿದರೆ ಕೊನೆಯ ಕಂತು ಬರುವುದಿಲ್ಲ. ತಿಂಗಳು ಕಳೆಯುವುದರೊಳಗೆ ಅವರಿಗೇ ಅದರ ಉಪಯೋಗವಿಲ್ಲವೆಂದು ತಿಳಿದಿರುತ್ತದೆ.

ಆ ಕೊನೆಯ ಕಂತಿನ ವಿಷಯಕ್ಕೆ ಬರೋಣ. ನಮ್ಮ ಊರಲ್ಲಿ ಮುಂಗಡ ಕೇಳಿದರೆ ಗ್ರಾಹಕರು ಓಡಿಹೋಗುತ್ತಾರೆ ಎಂಬ ನಂಬಿಕೆ ಇದೆ. ನಿಮ್ಮ ಗ್ರಾಹಕರಲ್ಲಿ ಕಲ್ಯಾಣ ಮಂಟಪದ ಮಾಲೀಕರೂ ಇದ್ದಾರೆ. ಮುಂಗಡ ಪಡೆಯದೆ ಅವರು ಒಂದು ಮುಹೂರ್ತವನ್ನಾದರೂ ಬಿಟ್ಟುಕೊಟ್ಟದ್ದುಂಟೇ? ಅರ್ಧ ಮುಂಗಡ, ವಿನ್ಯಾಸ ಒಪ್ಪಿದಾಗ 30 ಪ್ರತಿಶತ, ಉಳಿದ 20 ಪ್ರತಿಶತ ಸೈಟ್ ಅವರ ಡೊಮೇನ್‌ಗೆ ಏರುವ ಮುಂಚೆ. ಅಲ್ಲಿಯವರೆಗೆ ಅದು ನಿಮ್ಮ ಪರೀಕ್ಷಾ ವಿಳಾಸದಲ್ಲಿ ನಿಮ್ಮ ಸರ್ವರ್‌ನಲ್ಲೇ ಇರಲಿ.

ಕಂತು ನಿಲ್ಲಲು ಇನ್ನೊಂದು ಕಾರಣವಿದೆ, ಅದು ಗ್ರಾಹಕರ ಜಿಪುಣತನವಲ್ಲ. ‘ಕೆಲಸ ಮುಗಿದಾಗ ಬಾಕಿ’ ಎಂದು ನೀವು ಬರೆದಿರುತ್ತೀರಿ, ಕೆಲಸ ಮುಗಿಯುವುದೇ ಇಲ್ಲ. ವಾರ್ಷಿಕೋತ್ಸವ ಆಗಲಿ, ಫೋಟೊ ಕೊಡುತ್ತೇವೆ. ಅಧ್ಯಕ್ಷರ ಸಂದೇಶ ಇನ್ನೂ ಬರೆದಿಲ್ಲ. ಕನ್ನಡದ ಪುಟ ಆಮೇಲೆ ನೋಡೋಣ. ಆರು ತಿಂಗಳಾದರೂ ಸೈಟ್ ಅರೆಬೆಂದೇ ಇರುತ್ತದೆ. ಅದಕ್ಕೆ ಕಂತನ್ನು ತಾರೀಖಿಗೆ ಕಟ್ಟಿ: ಮುಂಗಡದಿಂದ 45ನೆಯ ದಿನ, ಅಥವಾ ಸೈಟ್ ಸಿದ್ಧವಾದಾಗ, ಯಾವುದು ಮೊದಲೋ ಅದು. ಮಾಹಿತಿ ಕೊಡುವುದು ಗ್ರಾಹಕರ ಜವಾಬ್ದಾರಿ ಎಂದೂ, ಅದು ಬಾರದಿದ್ದರೆ ಜಾಗ ಖಾಲಿ ಬಿಟ್ಟೇ ಸೈಟ್ ಒಪ್ಪಿಸಲಾಗುತ್ತದೆ ಎಂದೂ ಬರೆಯಿರಿ. ಅಂದಹಾಗೆ, ಕನ್ನಡ ಮ್ಯಾಟರ್ ಈಗಲೂ ಅನೇಕ ಕಡೆಯಿಂದ ಹಳೆಯ ನುಡಿ ಫಾಂಟಿನ ಕಡತವಾಗಿ ಬರುತ್ತದೆ. ನೇರ ಅಂಟಿಸಿದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಆ ಕೆಲಸಕ್ಕೂ ಒಂದು ದರ ಇರಲಿ.

ನಿಂತಿರುವ ಬಾಕಿಗೆ ದಾರಿ ಇದೆ. ಛಾಪಾ ಕಾಗದದ ಮೇಲೆ ಸಹಿ ಇಲ್ಲದಿದ್ದರೆ ಒಪ್ಪಂದವೇ ಅಲ್ಲ ಎಂಬುದು ಸುಳ್ಳು. ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನ ಬೆಲೆ ಇದೆ. ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಕಾರಣಕ್ಕೇ ಒಪ್ಪಂದ ಬಿದ್ದುಹೋಗುವುದಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. ಕೊಟೇಶನ್ನಿಗೆ ‘ಸರಿ, ಮಾಡಿ’ ಎಂದು ಬಂದ ವಾಟ್ಸ್‌ಆ್ಯಪ್ ಉತ್ತರವನ್ನು ಅಳಿಸಬೇಡಿ. ನ್ಯಾಯಾಲಯಕ್ಕೆ ಹೋಗಲು ಸಾಮಾನ್ಯವಾಗಿ ಬಾಕಿಯಾದ ದಿನದಿಂದ ಮೂರು ವರ್ಷ ಕಾಲಾವಕಾಶ ಇರುತ್ತದೆ.

ಅದಕ್ಕಿಂತ ಹತ್ತಿರದ ದಾರಿ, ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ. ಇದಕ್ಕೆ ಶುಲ್ಕವಿಲ್ಲ, ಎರಡು ಸಾವಿರ ಕೊಡಿ, ಮಾಡಿಸಿಕೊಡುತ್ತೇವೆ ಎನ್ನುವವರನ್ನು ದೂರವಿಡಿ. ನೋಂದಾಯಿತ ಕಿರು ಅಥವಾ ಸಣ್ಣ ಉದ್ಯಮಕ್ಕೆ ಬರಬೇಕಾದ ಹಣವನ್ನು, ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ದೂರನ್ನು ಸರ್ಕಾರದ ಜಾಲತಾಣದ ಮೂಲಕ, ಇಂಥ ಬಾಕಿಯ ವಿವಾದ ಬಗೆಹರಿಸುವ ಸೌಲಭ್ಯ ಮಂಡಳಿಗೆ ಕೊಡಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿರುವುದು ಕ್ಷೇಮ, ಹಳೆಯ ಬಾಕಿಗೆ ಈಗ ಮಾಡಿಸಿದ ನೋಂದಣಿ ಒದಗುತ್ತದೆಂದು ನೆಚ್ಚಬೇಡಿ. ಇನ್ನೊಂದು ಅಂಶವನ್ನು ಗಿರಣಿ, ಕಾರ್ಖಾನೆ ಮಾಲೀಕರಿಗೆ ಮೆಲ್ಲಗೆ ತಿಳಿಸಿ: ಕಿರು ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿ ಮೀರಿ ಉಳಿಸಿಕೊಂಡ ಹಣವನ್ನು, ನಿಜವಾಗಿ ಕೊಟ್ಟ ವರ್ಷದವರೆಗೆ, ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲು ಆಗುವುದಿಲ್ಲ. 2024-25ರ ಮೌಲ್ಯಮಾಪನ ವರ್ಷದಿಂದ ಈ ನಿಯಮ ಬಂದಿದೆ. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತು. ಟ್ರಸ್ಟ್ ನಡೆಸುವ ಶಾಲೆಗೆ ಈ ಬಿಸಿ ಅಷ್ಟಾಗಿ ತಟ್ಟದು.

ಆದರೂ ಆರು ಸಾವಿರಕ್ಕೆ ಮಂಡಳಿ, ಕೋರ್ಟು ಎಂದು ಅಲೆಯಬೇಡಿ. ತುಮಕೂರು ಅಷ್ಟು ದೊಡ್ಡ ಊರಲ್ಲ. ನಾಳೆ ಯಾರದೋ ಮದುವೆಯ ಪಂಕ್ತಿಯಲ್ಲಿ ಅವರ ಪಕ್ಕವೇ ಕೂರಬೇಕಾದೀತು. ಬಾಕಿ ತೀರುವವರೆಗೆ ಹೊಸ ಕೆಲಸ ಮಾಡುವುದಿಲ್ಲ ಎಂದು ಒಂದು ಸೌಮ್ಯ ಪತ್ರ ಬರೆದು, ಮುಂದಿನ ‘ಸಣ್ಣ ಬದಲಾವಣೆ’ ಬಂದಾಗ ಆ ಪತ್ರವನ್ನು ನೆನಪಿಸಿ. ಅರ್ಧಕ್ಕರ್ಧ ಬಾಕಿ ಹೀಗೇ ಬರುತ್ತದೆ. ಕಾನೂನಿನ ದಾರಿಯನ್ನು ದೊಡ್ಡ ಮೊತ್ತಕ್ಕೆ ಇಟ್ಟುಕೊಳ್ಳಿ.

ಈಗ ನರ್ಸಿಂಗ್ ಹೋಮ್. ಇದರಲ್ಲಿ ಮಾತ್ರ ತಡಮಾಡಬೇಡಿ, ಗೆಳೆಯರ ಮಾತನ್ನೂ ಕೇಳಬೇಡಿ. ನರ್ಸಿಂಗ್ ಹೋಮ್‌ಗೆ ಸೇರಿದ ಸರ್ವರ್ ಖಾತೆಗೆ ನಿಮ್ಮ ಬಳಿ ಉಳಿದ ಹಳೆಯ ಪಾಸ್‌ವರ್ಡ್ ಬಳಸಿ ಒಳಹೊಕ್ಕು ಸೈಟ್ ಬಂದ್ ಮಾಡಿದರೆ, ಅದು ಬಾಕಿ ವಸೂಲಿ ಎನಿಸಿಕೊಳ್ಳುವುದಿಲ್ಲ. ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆ ಪ್ರವೇಶಿಸಿ ಅಡ್ಡಿಪಡಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನಡಿ ಪರಿಹಾರ ಕೊಡಬೇಕಾಗುತ್ತದೆ. ಅಪ್ರಾಮಾಣಿಕವಾಗಿ ಮಾಡಿದ್ದೆಂದು ತೀರ್ಮಾನವಾದರೆ 66ನೆಯ ಕಲಮಿನಡಿ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಹೋಸ್ಟಿಂಗ್ ನಿಮ್ಮದೇ ಖಾತೆಯಲ್ಲಿದ್ದು ಅದರ ಶುಲ್ಕವನ್ನೇ ಅವರು ಕೊಟ್ಟಿಲ್ಲವಾದರೆ ಕಥೆ ಬೇರೆ. ಆಗಲೂ ಲಿಖಿತ ನೋಟಿಸ್, ಸಾಕಷ್ಟು ದಿನಗಳ ಗಡುವು, ಅವರ ಮಾಹಿತಿಯ ಪ್ರತಿ ಇವಿಷ್ಟನ್ನು ಕೊಡದೆ ನಿಲ್ಲಿಸಬೇಡಿ.

ಅವರು ಕೇಳುತ್ತಿರುವುದನ್ನು ಬಿಡಿಸಿ ನೋಡಿ. ಡೊಮೇನ್ ಆಸ್ಪತ್ರೆಯ ಹೆಸರಿನದು. ಅದು ನಿಮ್ಮ ಖಾತೆಯಲ್ಲಿದೆ ಎಂದ ಮಾತ್ರಕ್ಕೆ ನಿಮ್ಮ ಸ್ವತ್ತಾಗುವುದಿಲ್ಲ. ಬೇರೆಯವರ ವ್ಯಾಪಾರದ ಹೆಸರನ್ನು ಹಿಡಿದಿಟ್ಟುಕೊಂಡವರ ವಿರುದ್ಧ ದೂರು ಕೊಡಲು ಡಾಟ್ ಕಾಂಗೂ ಡಾಟ್ ಇನ್‌ಗೂ ಪ್ರತ್ಯೇಕ ವ್ಯವಸ್ಥೆ ಇದೆ. ನವೀಕರಣ ತಪ್ಪಿದರಂತೂ ಪೂರ್ತಿ ಹೊಣೆ ನಿಮ್ಮ ತಲೆಗೆ ಬರುತ್ತದೆ. ಡಾಟ್ ಕಾಂ ಡೊಮೇನ್ ಅವಧಿ ಮುಗಿದ ಮೇಲೆ ಡೊಮೇನ್ ಮಾರುವ ರಿಜಿಸ್ಟ್ರಾರ್ ಕೊಡುವ ಒಂದಷ್ಟು ದಿನದ ರಿಯಾಯಿತಿ ಇರುತ್ತದೆ. ಅದೂ ಮುಗಿದು ಅಳಿಸಿಹೋದರೆ 30 ದಿನ ದುಬಾರಿ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಆಮೇಲೆ ಐದು ದಿನ ಯಾರಿಗೂ ಮುಟ್ಟಲಾಗದು. ನಂತರ ಜಗತ್ತಿನ ಯಾರು ಬೇಕಾದರೂ ಕೊಳ್ಳಬಹುದು. ಒಂದು ಆಸ್ಪತ್ರೆಯ ಹೆಸರು ಜೂಜಿನ ಜಾಲತಾಣವಾಗಿ ಬದಲಾದುದಕ್ಕೆ ಆರು ಸಾವಿರದ ಬಾಕಿ ಸಮರ್ಥನೆಯಾಗುತ್ತದೆಯೇ? ಡೊಮೇನಿನ ಲಾಕ್ ತೆಗೆದು, ವರ್ಗಾವಣೆಯ ಕೋಡನ್ನು ಅವರ ಅಧಿಕೃತ ಇಮೇಲ್‌ಗೆ ಕಳಿಸಿ, ತಲುಪಿತೆಂದು ಉತ್ತರ ಪಡೆಯಿರಿ. ಉಳಿದ ಗ್ರಾಹಕರ ಡೊಮೇನ್‌ಗಳನ್ನೂ ಅವರವರ ಹೆಸರಿಗೆ, ಅವರವರ ಇಮೇಲ್‌ಗೆ ಬದಲಿಸುವ ಕೆಲಸ ಇದೇ ತಿಂಗಳು ಶುರುವಾಗಲಿ. ನಿರ್ವಹಣೆಗೆ ಪ್ರವೇಶ ಮಾತ್ರ ನಿಮ್ಮ ಬಳಿ ಇದ್ದರೆ ಸಾಕು.

ರೋಗಿಗಳು ತುಂಬಿದ ಅಪಾಯಿಂಟ್‌ಮೆಂಟ್ ವಿವರಗಳೂ ಅಲ್ಲಿರಬೇಕು. ಅವು ನಿಮ್ಮವೂ ಅಲ್ಲ, ಒಂದರ್ಥದಲ್ಲಿ ಆಸ್ಪತ್ರೆಯವೂ ಅಲ್ಲ, ಆ ರೋಗಿಗಳವು. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ 2023ರ ಕಾಯ್ದೆ ಬಂದಿರುವಾಗ ಅಂಥದ್ದನ್ನು ಒತ್ತೆ ಇಟ್ಟುಕೊಳ್ಳುವ ಯೋಚನೆಯನ್ನೇ ಬಿಡಿ. ಡೇಟಾಬೇಸಿನ ಪ್ರತಿ ಒಪ್ಪಿಸಿ, ನಿಮ್ಮಲ್ಲಿ ಉಳಿದದ್ದನ್ನು ಅಳಿಸಿ, ಅಳಿಸಿದ್ದೇವೆಂದು ಬರೆದುಕೊಡಿ.

ಸೋರ್ಸ್ ಕೋಡ್ ವಿಚಾರದಲ್ಲಿ ಮಾತ್ರ ಅವರ ಮಾತು ಪೂರ್ತಿ ಸರಿಯಿಲ್ಲ. ದುಡ್ಡು ಕೊಟ್ಟು ಮಾಡಿಸಿದ್ದೆಲ್ಲ ಮಾಡಿಸಿದವರದ್ದೇ ಎಂದು ಎಲ್ಲರೂ ನಂಬಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು. ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕನದು. ಹೊರಗಿನವರಿಂದ ಮಾಡಿಸಿಕೊಂಡ ಸಾಫ್ಟ್‌ವೇರ್ ಗ್ರಾಹಕರ ಸ್ವತ್ತಾಗಬೇಕಾದರೆ ಬರೆದವರು ಸಹಿ ಹಾಕಿದ ಲಿಖಿತ ವರ್ಗಾವಣೆ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೇ ಅರ್ಥ. ಹಾಗೆಂದು ನೀವೂ ಬೀಗಬೇಡಿ. ವರ್ಡ್‌ಪ್ರೆಸ್ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ, ಅದರಲ್ಲಿ ನಿಮ್ಮ ಒಡೆತನ ಏನೂ ಇಲ್ಲ. ಲೋಗೊ, ವೈದ್ಯರ ಫೋಟೊ, ಬರಹ ಅವರು ಕೊಟ್ಟದ್ದು. ನಿಮ್ಮದೆನ್ನಬಹುದಾದ್ದು ನೀವು ಹೊಸದಾಗಿ ಬರೆದ ಭಾಗ ಮಾತ್ರ. ಒಂದು ಬುಕಿಂಗ್ ಫಾರ್ಮಿನ ಕೋಡಿಗಾಗಿ ಜಗಳ ಬೆಳೆಸುವುದಕ್ಕಿಂತ, ಬಾಕಿ ಸಂದಾಯವಾದ ದಿನ ಬಳಕೆಯ ಹಕ್ಕನ್ನು ಬರೆದುಕೊಡುತ್ತೇವೆ ಎಂಬ ಒಂದು ಪತ್ರ ಕಳಿಸಿ. ಪೂರ್ತಿ ಒಡೆತನ ಬೇಕೆಂದರೆ ಅದಕ್ಕೆ ಬೇರೆ ಬೆಲೆ ಹೇಳಿ. ಬಾಕಿಯ ವಿಚಾರವನ್ನು ಡೊಮೇನ್, ಡೇಟಾದೊಂದಿಗೆ ಬೆರೆಸದೆ ಬೇರೆಯೇ ಪತ್ರದಲ್ಲಿ ಕೇಳಿ. ಪೊಲೀಸ್ ದೂರಿನ ಬೆದರಿಕೆಗೆ ಆಧಾರವೇ ಉಳಿಯದಂತೆ ಮಾಡುವುದು ಹೀಗೆ. ಅದೇ ಕಾಯ್ದೆ ನಿಮಗೂ ತಿರುಗಿ ತಾಗಬಹುದೆಂಬುದು ನೆನಪಿರಲಿ: ರಜೆಯಲ್ಲಿ ಬಂದ ವಿದ್ಯಾರ್ಥಿಯಿಂದಲೋ ಬಿಡಿ ಕೆಲಸದವರಿಂದಲೋ ಕೋಡ್ ಬರೆಸಿದ್ದರೆ, ಬರಹದಲ್ಲಿ ಪಡೆಯದ ಹೊರತು ಅದು ನಿಮ್ಮದೂ ಅಲ್ಲ. ಗೂಗಲ್‌ನಲ್ಲಿ ಹುಡುಕಿ ಅಂಟಿಸಿದ ಚಿತ್ರಗಳ ಬಗ್ಗೆ ಬೇರೆ ಹೇಳಬೇಕಿಲ್ಲ.

ಜಿಎಸ್‌ಟಿ. ಹೊರರಾಜ್ಯಕ್ಕೆ ಸರಕು ಮಾರುವವರ ನಿಯಮವನ್ನು ಸೇವೆಗೂ ಹಚ್ಚುವುದರಿಂದ ಈ ಗೊಂದಲ. ಸೇವೆ ಒದಗಿಸುವವರ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಹಿಂದೂಪುರಕ್ಕೆ ಕೆಲಸ ಮಾಡಿಕೊಟ್ಟರೂ, ಆ ಕಾರಣಕ್ಕಾಗಿಯೇ ನೋಂದಣಿ ಕಡ್ಡಾಯವಾಗುವುದಿಲ್ಲ. ನಿಮ್ಮ ವಹಿವಾಟು ಎಂಟು ಲಕ್ಷದ ಆಸುಪಾಸಿನಲ್ಲಿದೆ. ವಿದೇಶಿ ಗ್ರಾಹಕರು ಸಿಕ್ಕರೆ ಆ ಹಣವೂ 20 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಕಡ್ಡಾಯವಲ್ಲದ ಮೇಲೆ ಸ್ವಇಚ್ಛೆಯಿಂದ ಮಾಡಿಸಬೇಕೇ ಎಂಬುದು ನಿಮ್ಮ ಗ್ರಾಹಕರು ಯಾರು ಎಂಬುದರ ಮೇಲಿದೆ. ಶಾಲೆ, ನರ್ಸಿಂಗ್ ಹೋಮ್‌ಗಳಿಗೆ ನೀವು ಹಾಕುವ 18 ಪ್ರತಿಶತ ಬರಿಯ ಹೆಚ್ಚುವರಿ ಖರ್ಚು, ಅವರಿಗೆ ಅದನ್ನು ಮರಳಿ ಪಡೆಯಲು ದಾರಿಯಿಲ್ಲ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಅದೇ ತೆರಿಗೆ ಕ್ರೆಡಿಟ್ ಆಗಿ ಸಿಗುತ್ತದೆ, ಅವರು ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ಕೊಟೇಶನ್ನನ್ನೇ ನೋಡದಿರಬಹುದು. ಈಗಿನ ಗ್ರಾಹಕರಿಗೆ ಬೇಡ. ಕೈಗಾರಿಕಾ ಪ್ರದೇಶದ ಕಡೆ ತಿರುಗುವ ಮನಸ್ಸಿದ್ದರೆ ಬೇಕು. ನನ್ನನ್ನು ಕೇಳಿದರೆ ತಿರುಗಿ. ಅಲ್ಲಿನ ಸಣ್ಣ ಘಟಕಗಳಿಗೆ ದೂರದ ಖರೀದಿದಾರರಿಗೆ ತೋರಿಸಲು ಚೊಕ್ಕ ಕ್ಯಾಟಲಾಗ್ ಬೇಕಿರುತ್ತದೆ. ಅವರು ವೆಬ್‌ಸೈಟನ್ನು ವ್ಯಾಪಾರದ ಖರ್ಚೆಂದೇ ನೋಡುತ್ತಾರೆ.

ಬೆಂಗಳೂರಿನ ಪ್ರಶ್ನೆ ಚಿಕ್ಕದು. 70 ಕಿಲೋಮೀಟರ್ ದೂರದ ಊರಿಗೆ ಕಚೇರಿ ಸಾಗಿಸಿದರೆ ಬಾಡಿಗೆ, ಸಂಬಳ ಏರುತ್ತವೆ. ಪುಕ್ಕಟೆ ಗಂಟೆಗಳು ನಿಮ್ಮ ಜೊತೆಗೇ ಬರುತ್ತವೆ. ಬೆಂಗಳೂರಿನ ಏಜೆನ್ಸಿಗಳಿಂದ ಒಳಗುತ್ತಿಗೆ ಪಡೆಯುವುದು ಸಾಧ್ಯವಿದೆ, ದರವೂ ಇಲ್ಲಿಗಿಂತ ಮೇಲು. ಆದರೆ ಗ್ರಾಹಕರ ಮುಖ ನಿಮಗೆ ಗೊತ್ತಿರುವುದಿಲ್ಲ, ಆ ಏಜೆನ್ಸಿಗೆ ಹಣ ಬಂದ ಮೇಲೆ ನಿಮಗೆ ಎಂಬ ಮಾತು ಕೇಳುತ್ತಲೇ ಇರಬೇಕು. ಆದಾಯದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಏಜೆನ್ಸಿಯಿಂದ ಬರುವಂತಾದರೆ ಎಚ್ಚರ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದ ಹುಡುಗ ಹುಡುಗಿಯರು ಕೆಲಸ ಕಲಿತು ಬೆಳಗಿನ ರೈಲು ಹತ್ತುವುದನ್ನು ನೀವು ತಡೆಯಲಾರಿರಿ. ಪ್ರತಿ ಸೈಟಿನ ಪಾಸ್‌ವರ್ಡ್, ರಚನೆ, ಬದಲಾವಣೆಗಳನ್ನು ಬರೆದಿಡುವ ಅಭ್ಯಾಸ ಇದ್ದರೆ ಒಬ್ಬರು ಹೋದ ಮೇಲೆ ಇನ್ನೊಬ್ಬರು ವಾರದಲ್ಲಿ ಕೂರಬಹುದು.

ಎಐ ಬಗ್ಗೆ ನಿಮ್ಮ ಭಯದಲ್ಲಿ ಅರ್ಧ ನಿಜವಿದೆ. ನಾಲ್ಕು ಪುಟದ ಚೆಂದದ ಸೈಟನ್ನು ಈಗ ಯಾರು ಬೇಕಾದರೂ ಒಂದು ಸಂಜೆಯಲ್ಲಿ ಎಬ್ಬಿಸಬಹುದು. ನಿಮ್ಮ 50 ಗಂಟೆ 25ಕ್ಕೆ ಇಳಿಯುತ್ತದೆ, ಗ್ರಾಹಕರೂ ಬೆಲೆ ಇಳಿಸಿ ಎನ್ನುತ್ತಾರೆ. ಬರಿಯ ತಯಾರಿಕೆಯನ್ನೇ ನೆಚ್ಚಿದವರಿಗೆ ಕಷ್ಟವಿದೆ. ಆದರೆ ಆಸ್ಪತ್ರೆಯ ಡೊಮೇನಿನಿಂದ ಹೋದ ಇಮೇಲ್ ರೋಗಿಯ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತಿದೆ ಎಂದಾಗ ಮಾಲೀಕರು ಎಐಗೆ ಫೋನು ಮಾಡುವುದಿಲ್ಲ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಎರಡೂ ಕಳುಹಿಸುವವರ ದೃಢೀಕರಣದ ನಿಯಮ ಬಿಗಿಗೊಳಿಸಿದ ಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ದೃಢೀಕರಣ ದಾಖಲೆಗಳನ್ನು ಸರಿಯಾಗಿ ಕೂರಿಸುವವರಿಗೆ ಬೇಡಿಕೆ ಇದೆ. ನಿಮ್ಮ ಹಳೆಯ ನೂರು ಸೈಟ್‌ಗಳಲ್ಲಿ ಎಷ್ಟರಲ್ಲಿ ಅವು ಸರಿಯಿವೆ ಎಂದು ಮೊದಲು ಪರೀಕ್ಷಿಸಿ. ವಾರ್ಷಿಕ ನಿರ್ವಹಣೆಯ ಮಾತನ್ನು ಗ್ರಾಹಕರ ಮುಂದೆ ತೆಗೆಯಲು ಅದಕ್ಕಿಂತ ಒಳ್ಳೆಯ ನೆಪ ಸಿಗದು. ಎಐ ಬರೆದ ಕನ್ನಡವನ್ನು ಹಾಗೇ ಅಂಟಿಸಬೇಡಿ. ಶಾಲೆಯ ಮುಖಪುಟದಲ್ಲಿ ವಿಭಕ್ತಿ ತಪ್ಪಿದರೆ ಮೊದಲು ಫೋನು ಮಾಡುವವರು ಅದೇ ಶಾಲೆಯ ಕನ್ನಡ ಮೇಷ್ಟ್ರು.

ನಿಮ್ಮಿಬ್ಬರ ನಡುವೆ ಕಾಗದವಿಲ್ಲ ಎಂಬುದನ್ನು ಪತ್ರದ ಕೊನೆಗೆ ಇಟ್ಟಿದ್ದೀರಿ, ಮಾಡುವಾಗ ಮೊದಲು ಮಾಡಿ. ಕಾಗದವಿಲ್ಲದಿದ್ದರೂ ಕಾನೂನಿನ ಕಣ್ಣಿಗೆ ನೀವಿಬ್ಬರೂ ಪಾಲುದಾರರೇ. ಸಂಸ್ಥೆಯ ವ್ಯವಹಾರದಲ್ಲಿ ಒಬ್ಬರು ಮಾಡಿದ ಸಾಲಕ್ಕೆ, ತಪ್ಪಿಗೆ ಇನ್ನೊಬ್ಬರ ಸ್ವಂತ ಆಸ್ತಿಯೂ ಹೊಣೆ. ಸೈಟ್ ಬಂದ್ ಮಾಡಲು ಹೊರಟಿರುವ ಗೆಳೆಯ ಹಾಗೆ ಮಾಡಿದರೆ ಪರಿಹಾರ ಕೊಡುವ ಹೊಣೆ ನಿಮ್ಮ ತಲೆಗೂ ಬರಬಹುದು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಫರ್ಮ್ ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಾಯಿಸದ ಫರ್ಮ್ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು 69ನೆಯ ಕಲಮು ಅಡ್ಡ ಬರುತ್ತದೆ. ಬಾಕಿಯೇ ನಿಮ್ಮ ದೊಡ್ಡ ತಲೆನೋವಾಗಿರುವಾಗ ಇದನ್ನು ಕಡೆಗಣಿಸುವಂತಿಲ್ಲ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಕೊಂಡರೆ ಸ್ವಂತ ಆಸ್ತಿಗೆ ರಕ್ಷಣೆ ಸಿಗುತ್ತದೆ, ಪ್ರತಿವರ್ಷ ಸಲ್ಲಿಸಬೇಕಾದ ಲೆಕ್ಕಪತ್ರದ ಖರ್ಚು ಸೇರುತ್ತದೆ. ನಿಮ್ಮ ಈಗಿನ ವಹಿವಾಟಿಗೆ ನೋಂದಾಯಿತ ಪಾಲುದಾರಿಕೆ ಸಾಕು, ಹದಿನೈದು ಲಕ್ಷದ ಹತ್ತಿರ ಬಂದಾಗ ಎಲ್‌ಎಲ್‌ಪಿ ಯೋಚಿಸಿ. ಪತ್ರದಲ್ಲಿ ಲಾಭದ ಪಾಲಷ್ಟೇ ಬರೆದು ನಿಲ್ಲಿಸಬೇಡಿ. ಒಬ್ಬರು ಬಿಟ್ಟುಹೋದರೆ ಗ್ರಾಹಕರ ಖಾತೆಗಳು ಯಾರ ಬಳಿ ಇರಬೇಕು, ಯಾರು ಎಷ್ಟರವರೆಗೆ ಒಬ್ಬರೇ ಖರ್ಚು ಮಾಡಬಹುದು, ತಿಂಗಳ 25,000 ಸಂಬಳವನ್ನು ಲಾಭಕ್ಕೆ ಮೊದಲೇ ತೆಗೆದುಕೊಳ್ಳಬಹುದೇ ಎಂಬುದನ್ನೂ ಬರೆಸಿ. ಕೊನೆಯದಕ್ಕೆ ನಿಮ್ಮ ಆಡಿಟರ್ ತೆರಿಗೆಯ ಮಿತಿ ಹೇಳುತ್ತಾರೆ, ಪತ್ರ ಬರೆಸುವ ದಿನ ಅವರನ್ನೂ ಕರೆದುಕೊಳ್ಳಿ.